ಹಾವಿನ ಶಾಪವಲ್ಲ

“ಸೈಟಿನ್ಯಾಗ ಹಾವು ಹೊಡದಿದ್ವಿ ಅಕ್ಕಾರ, ಅದರ ಶಾಪ ಇದು,” ಎಂದು ರೇಣವ್ವ ಸೆರಗು ಸರಿಸಿದಳು. ಸೊಂಟದ ಒಂದು ಬದಿಗೆ ಕೆಂಪು ಗುಳ್ಳೆಗಳ ಪಟ್ಟಿ, ಅದರ ಮೇಲೆ ಬಳಿದ ಕೆಮ್ಮಣ್ಣು. ಕಟ್ಟಡ ಕೆಲಸದ ಅವಳು ದಾಸರಹಳ್ಳಿಯಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯವಳು. ಗದರಿಸಿಯೇ ಕ್ಲಿನಿಕ್ಕಿಗೆ ಕರೆದೊಯ್ದೆ.

ಡಾಕ್ಟರು ಮಣ್ಣು ಒರೆಸಿ ನೋಡಿದರು. “ಸರ್ಪಸುತ್ತು ಕಣಮ್ಮ. ಹಾವಿಗೂ ಇದಕ್ಕೂ ಸಂಬಂಧ ಇಲ್ಲ. ಚಿಕ್ಕೋಳಿದ್ದಾಗ ಅಮ್ಮ, ಅದೇ ಚಿಕನ್‌ಪಾಕ್ಸ್, ಆಗಿತ್ತಾ? ಆ ವೈರಸ್ಸೇ ನರದೊಳಗೆ ಉಳ್ಕೊಂಡಿದ್ದು ಈಗ ಎದ್ದಿದೆ.”

ರೇಣವ್ವ ಸೆರಗು ಎಳೆದುಕೊಂಡಳು. “ನನಗೂ ತಂಗಿಗೂ ಕೂಡೇ ಆಗಿತ್ರಿ. ಒಂದ ಚಾಪಿ ಮ್ಯಾಲ ಮಲಗಿದ್ವಿ. ನಾ ಎದ್ದೆ, ಅಕಿ ಏಳಲಿಲ್ಲ.”

ಈಗ ಗುಳ್ಳೆ ಒಣಗಿದೆ. ಆ ಕಲೆಯ ಮೇಲೆ ಕೈಯಿಟ್ಟುಕೊಂಡು ಅವಳು ಆಗಾಗ ಕೂತಿರುತ್ತಾಳೆ. ಹಾವಿನ ಮಾತು ಮತ್ತೆ ಎತ್ತಿಲ್ಲ. ತಂಗಿಯ ಹೆಸರು ಹೇಳುತ್ತಾಳೆ.