ಸೀಟಿನಡಿಯ ಕಬ್ಬಿಣದ ಪಟ್ಟಿ

ಒಂದು ಗಾಡಿಯ ಸೀಟು ಬಿಚ್ಚಿ ಇನ್ನೊಂದಕ್ಕೆ ಕೂರಿಸಬೇಕೆಂದರೆ ಕುಂದಾಪುರದ ಸುತ್ತಿನವರು ಉಮಾನಾಥನ ಶೆಡ್ಡಿಗೇ ಬರುತ್ತಿದ್ದರು. ಗುಜರಿಗೆ ಬಂದ ದೊಡ್ಡ ಕಾರಿನ ಮೆತ್ತನೆಯ ಸೀಟನ್ನು ಓಮ್ನಿಗೋ ಜೀಪಿಗೋ ಒಗ್ಗಿಸುವ ಕೈ ಅವನದು. ಎರಡು ಗಾಡಿಗಳ ಬೋಲ್ಟಿನ ತೂತುಗಳು ಹೊಂದುವುದು ಅಪರೂಪ. ಹೊಸ ತೂತು ಕೊರೆಯಬೇಕು, ಅಡಿಯಿಂದ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಕಡಲ ಗಾಳಿಗೆ ತುಕ್ಕು ತಿಂದ ತಗಡನ್ನು ಬೋಲ್ಟು ಹರಿದುಕೊಂಡೇ ಬರುತ್ತದೆ. ಈ ಮಾತನ್ನು ಅವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

2003ರ ಆಯುಧ ಪೂಜೆಯ ಬೆಳಿಗ್ಗೆ ನಾವುಂದದ ಬಾಡಿಗೆ ಗಾಡಿಯ ಡ್ರೈವರ್ ಚೆನ್ನಯ್ಯ ತನ್ನ ಧನಿಯ ಓಮ್ನಿ ತಂದ. ಡ್ರೈವರ್ ಸೀಟು ಬದಲಾಗಬೇಕು, ಮಧ್ಯಾಹ್ನ ಗಾಡಿಗೂ ಪೂಜೆಯಾಗಬೇಕು. ಮುಂದಿನ ಎರಡು ಬೋಲ್ಟು ಸಲೀಸಾಗಿ ಕೂತವು. ಹಿಂದಿನವಕ್ಕೆ ಉಮಾನಾಥ ತೂತು ಕೊರೆದು, ಸದ್ಯಕ್ಕೆಂದು ಸಣ್ಣ ವಾಷರು ಹಾಕಿ ಬಿಗಿದ. ಪಟ್ಟಿ ಕತ್ತರಿಸಿ ತಿರುಗುವಷ್ಟರಲ್ಲಿ ಹೆಂಡತಿ ಪ್ರಭಾವತಿ ಡ್ರಿಲ್ಲು, ಸ್ಪ್ಯಾನರುಗಳನ್ನು ಒರೆಸಿ, ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದ್ದಳು. ಇನ್ನು ಮರುದಿನದವರೆಗೆ ಅವನ್ನು ಮುಟ್ಟುವಂತಿಲ್ಲ.

ಚೆನ್ನಯ್ಯ ಹೊಸ ಸೀಟಿನಲ್ಲಿ ಕೂತು ಮೈ ಕುಲುಕಿಸಿ ನೋಡಿದ.

“ಇದ್ರಲ್ ಕೂಕಂಡ್ರೆ ಧನಿ ಯಾರ್, ಡ್ರೈವರ್ ಯಾರ್ ಅಂದೇಳಿ ಗೊತ್ತಾತಿಲ್ಲೆ, ಉಮಾನಾಥಣ್ಣ.”

ಉಮಾನಾಥ ನಕ್ಕ. ಎರಡು ದಿನ ಬಿಟ್ಟು ಒಮ್ಮೆ ಬಾ ಎಂದ. ಯಾಕೆಂದು ಹೇಳಲಿಲ್ಲ. ಹೇಳಿದರೆ ಅರ್ಧ ಕೆಲಸದ ಗಾಡಿಗೆ ಪೂಜೆ ಮಾಡಿಸಿದಂತಾಗುತ್ತಿತ್ತು.

ರಜೆಯ ಬಾಡಿಗೆಗಳು ಒಂದರ ಹಿಂದೊಂದು ಬಂದವು. ಚೆನ್ನಯ್ಯ ಬರಲಿಲ್ಲ. ಐದನೆಯ ದಿನ ಸಿದ್ದಾಪುರದ ಇಳಿಜಾರಿನಲ್ಲಿ ದನ ಅಡ್ಡ ಬಂತು. ಬ್ರೇಕು ಒತ್ತುತ್ತಲೇ ಸೀಟು ಹಿಂದಿನಿಂದ ಕಿತ್ತು ಮುಂದಕ್ಕೆ ಮಗುಚಿತು, ಗಾಡಿ ಚರಂಡಿಗೆ ಇಳಿಯಿತು. ಚೆನ್ನಯ್ಯನ ಮುರಿದ ಮೊಣಕಾಲು ಆಮೇಲೆ ಕೂಡಿಕೊಂಡಿತು. ಆದರೆ ಅವನು ನಿದ್ದೆಗಣ್ಣಲ್ಲಿ ಓಡಿಸಿದ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತು. ಸೀಟು ಕಿತ್ತದ್ದು ಗಾಡಿ ಬಿದ್ದ ಮೇಲೆ ಎಂದರು.

ಧನಿ ಶೆಡ್ಡಿಗೇ ಬಂದು ವಿಚಾರಿಸಿದರು. ಊರುಗೋಲು ಊರಿಕೊಂಡು ಚೆನ್ನಯ್ಯನೂ ಪಕ್ಕದಲ್ಲಿದ್ದ. ಕತ್ತರಿಸಿದ ಪಟ್ಟಿ ಇನ್ನೂ ಕಪಾಟಿನ ಮೇಲೇ ಇತ್ತು.

“ನನ್ ಕೆಲ್ಸದಗೆ ಎಂತದೂ ತಪ್ಪಿಲ್ಲೆ,” ಎಂದ ಉಮಾನಾಥ.

ಅದಾದ ಮೇಲೆ ಚೆನ್ನಯ್ಯನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಅವನು ಬಾರ್ಕೂರಿನಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಸೇರಿದ. ಉಮಾನಾಥ ಮುಂದೆ ಪಟ್ಟಿಯಿಲ್ಲದೆ ಒಂದು ಸೀಟನ್ನೂ ಕೂರಿಸಲಿಲ್ಲ. ಆಯುಧ ಪೂಜೆಯ ಹಿಂದಿನ ದಿನವೇ ಶೆಡ್ಡಿನ ಬಾಗಿಲು ಹಾಕತೊಡಗಿದ.

ಧನಿ ತೀರಿಕೊಂಡ ಮರುವರ್ಷ, 2012ರಲ್ಲಿ, ಉಮಾನಾಥ ಬಾರ್ಕೂರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಚೆನ್ನಯ್ಯ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಪಕ್ಕಕ್ಕಿಟ್ಟ.

“ನಂಗ್ ಹೇಳಿ ಎಂತಕ್, ಉಮಾನಾಥಣ್ಣ? ಸೀಟ್ ಕಿತ್ತದ್ ನಂಗ್ ಅಂದೇ ಗೊತ್ತಿತ್ತ್. ಹೇಳೂದಿದ್ರೆ ಧನಿ ಎದ್ರ್ ಹೇಳ್ಕಿತ್ತ್.”

ಮತ್ತೆ ಇನ್ನೊಂದು ಕಾಯಿ ಎತ್ತಿಕೊಂಡ. ಉಮಾನಾಥ ಬಸ್ಸಿಗೆ ನಡೆದ.