ರಟ್ಟಿನ ಮರೆಯಲ್ಲಿ ಬಿದ್ದ ಹದಿನಾಲ್ಕು

ಹದಿನಾಲ್ಕು ಬಿದ್ದಿತ್ತು. ನಾನು ಮೂರು ಎಂದೆ.

ಇಷ್ಟೇ ನನ್ನ ತಪ್ಪು — ಅಲ್ಲ, ಈ ‘ಇಷ್ಟೇ’ ಕೂಡ ಕಳ್ಳನ ಮಾತೇ. ಆ ಒಂದು ಸುಳ್ಳಿನಿಂದ ನಾನು ಒಬ್ಬ ಹೆಣ್ಣುಮಗಳು ಮೂರು ವರ್ಷ ಜೀವ ತುಂಬಿದ ಪಾತ್ರವನ್ನು ಕದ್ದೆ. ಅದರ ಮೇಲೆ ನನ್ನ ಹೆಸರು ಅಚ್ಚಾಯಿತು. ಇವತ್ತು ಜನ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಮಾನಗೇಡಿ ನಾನು, ಹೊದ್ದುಕೊಂಡು ಕೈ ಮುಗಿಯುತ್ತೇನೆ.

ನಾನು ಆಟ ಬರೆಯುವವನು. ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಕತೆಯಾಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹುಟ್ಟಿಸಿ, ಹಾಳೆಯಲ್ಲಿ ಬರೆದುಕೊಂಡು, ಅದಾಗಿ ಮಾತಾಡುತ್ತಾರೆ. ಗಂಡಾಂತರ ಬಂದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಕತೆ ನಡೆಸುವವನ ಮುಂದೆ ಒಂದು ರಟ್ಟಿನ ಮರೆ ಇರುತ್ತದೆ. ಅವನ ದಾಳ ಅದರ ಹಿಂದೆ ಬೀಳುತ್ತದೆ. ಏನು ಬಿತ್ತೆಂದು ಅವನು ಹೇಳಬೇಕು, ಉಳಿದವರು ನಂಬಬೇಕು. ಪುಸ್ತಕವಾಗುವ ಮೊದಲು ಆಟವನ್ನು ಹೀಗೆ ವರ್ಷಗಟ್ಟಲೆ ಆಡಿ ನೋಡುತ್ತೇವೆ.

ನಾವು ಆಡುತ್ತಿದ್ದುದು ಭಾಲ್ಕಿಯಲ್ಲಿ, ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ. ಕತೆ ನಡೆಸುವವನು ನಾನೇ. ದಾಳ ಕಂಡು ಜೂಜು ಅಂದುಕೊಂಡಾರೆಂದು ಅಂಗಡಿಯವನು ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಔರಾದ್ ಕಡೆಯ ಎಕಂಬಾದಿಂದ ಕಾಶಿನಾಥ ಬರುತ್ತಿದ್ದ, ದನದ ದವಾಖಾನೆಯಲ್ಲಿ ಕೆಲಸ ಅವನಿಗೆ. ಬೀದರ್‌ನಿಂದ ಬಸ್ಸಿಗೆ ಬರುತ್ತಿದ್ದವರು ಫರ್ಹಾನಾ ಆಪಾ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು, ಅದಕ್ಕೇ ಆಪಾ, ಅಕ್ಕ.

ನನ್ನ ಆಟದ ಲೋಕ ಬೀದರ್‌ನ ನೆಲದಡಿಯ ಸುರಂಗ ಬಾವಿಗಳದ್ದು. ಅದರೊಳಗೆ ಆಪಾ ಮೆಹರ್‌ಳನ್ನು ತಂದರು. ಮೆಹರ್ ಸುರಂಗದ ಹೂಳೆತ್ತುವವಳು, ಆದರೆ ಅವಳಿಗೆ ಕತ್ತಲೆಂದರೆ ಭಯ. ಹೆಜ್ಜೆ ಎಣಿಸಿಕೊಂಡೇ ಇಳಿಯುವಳು. ಸೆರಗಿನಲ್ಲಿ ಒಂದು ಜೋಳದ ರೊಟ್ಟಿ ಕಟ್ಟಿಕೊಂಡಿರುವಳು — ಎಷ್ಟೇ ಹಸಿವಾದರೂ ಮುಟ್ಟುವವಳಲ್ಲ. ಯಾಕೆಂದು ಕಾಶಿನಾಥ ಕೆಣಕಿದರೆ ಆಪಾ ನಗುತ್ತಿದ್ದರು. “ತಡಿಯಪಾ, ಕಡೀ ಆಟದಾಗ ಹೇಳ್ತೀನಿ.”

ಬೆಂಗಳೂರಿನ ಪ್ರಕಾಶಕರಿಗೆ ನನ್ನ ಹಸ್ತಪ್ರತಿ ಕಳಿಸಿದೆ. ನಕಾಶೆ, ನಿಯಮ, ಇಪ್ಪತ್ತೆಂಟು ಬಾವಿಗಳ ಇತಿಹಾಸ — ಐದು ವರ್ಷ ಕೂತು ಬರೆದದ್ದು. ಅವರಿಗೆ ಹಿಡಿಸಿದ್ದು ಮೆಹರ್ ಒಬ್ಬಳೇ. ಅವಳೇ ಮುಖಪುಟದಲ್ಲಿರಲಿ, ಅವಳು ಯಾರ ಪಾತ್ರ ಎಂದು ಕೇಳಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹೌದು, ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಚಂದದ ಹೆಸರಿಲ್ಲ. ಆಪಾರ ಹೆಸರು ಹೇಳಿದ್ದರೆ ಇಬ್ಬರ ಹೆಸರೂ ಪುಸ್ತಕದ ಮೇಲೆ ಬರುತ್ತಿತ್ತು, ಅಷ್ಟೇ. ಅಷ್ಟೂ ನನಗೆ ಬೇಡವಾಗಿತ್ತು.

ನಮ್ಮ ಮೇಜಿಗೆ ಒಂದು ಪದ್ಧತಿಯಿತ್ತು, ನಾವೇ ಮಾಡಿಕೊಂಡದ್ದು. ಪಾತ್ರ ಬದುಕಿರುವ ತನಕ ಅದು ಆಡುವವರದು. ಸತ್ತರೆ ಹಾಳೆಯನ್ನು ಕತೆ ನಡೆಸುವವನ ಕೈಗೆ ಕೊಡಬೇಕು, ಮುಂದೆ ಅವನು ಅದನ್ನು ಏನಾದರೂ ಮಾಡಿಕೊಳ್ಳಬಹುದು. ಮೆಹರ್‌ಳನ್ನು ನನಗೆ ಬಿಟ್ಟುಕೊಡಿ ಎಂದು ನಗುನಗುತ್ತಲೇ ಒಮ್ಮೆ ಕೇಳಿದ್ದೆ. ಪ್ರಕಾಶಕರ ವಿಷಯ ಬಾಯಿಬಿಡಲಿಲ್ಲ. “ಜಿಂದಾ ಇರೋತನಕ ಆಕಿ ನನ್ನಾಕಿ,” ಎಂದರು ಆಪಾ. “ಸತ್ತ ಮ್ಯಾಲ ಇಟ್ಕೋ.”

ಮುಂದಿನ ಭಾನುವಾರ ಸುರಂಗ ಕುಸಿಯುವಂತೆ ಕತೆ ತಿರುಗಿಸಿದೆ. ಹತ್ತಕ್ಕಿಂತ ಹೆಚ್ಚು ಬಿದ್ದರೆ ಮೆಹರ್ ಉಳಿಯುತ್ತಾಳೆ. ಮರೆಯ ಹಿಂದೆ ದಾಳ ಉರುಳಿಸಿದೆ. ಹದಿನಾಲ್ಕು. ದಾಳ ಕೂಡ ಅವಳ ಪಕ್ಷವೇ — ನನಗೆ ರೇಗಿತು.

“ಮೂರು,” ಎಂದೆ.

ಕಾಶಿನಾಥ “ಅಯ್ಯಯ್ಯ!” ಎಂದ. ಆಪಾ ಮರೆಯನ್ನು ಎತ್ತಲು ಕೈ ಚಾಚಿದರು. ರಟ್ಟಿನ ಅಂಚಿಗೆ ಬೆರಳು ತಾಗಿತ್ತು — ಆಮೇಲೆ ಕೈ ಹಿಂದಕ್ಕೆಳೆದುಕೊಂಡರು.

“ಬ್ಯಾಡ ಬಿಡು. ನಿನ್ನ ಜಬಾನ್, ನಿನ್ನ ಮಾತು ಸಾಕು ನನಗ.”

ನಾನು ದಾಳವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಆಪಾ ಹಾಳೆಯನ್ನು ಎರಡು ಸಲ ಸವರಿ, ಮಡಚದೆ, ಹಾಗೇ ನನ್ನ ಕೈಗಿಟ್ಟರು. ಮತ್ತೊಂದು ಭಾನುವಾರ ಬಂದು ಹೊಸ ಪಾತ್ರ ಬರೆಯಲು ಕೂತರು, ನಾಲ್ಕು ಸಾಲು ಬರೆದು ಪೆನ್ನು ಮುಚ್ಚಿದರು. “ಮನಸ್ ಹತ್ತವಲ್ದು,” ಎಂದರು. ಮತ್ತೆ ಭಾಲ್ಕಿಗೆ ಬರಲಿಲ್ಲ.

ಪುಸ್ತಕ ಬಂತು. ರೊಟ್ಟಿಯ ಕಾರಣ ನನಗೆ ಗೊತ್ತಿರಲಿಲ್ಲವಲ್ಲ, ಏನೋ ಒಂದು ಕಟ್ಟಿದೆ — ಸತ್ತ ತಾಯಿ ಕೊಟ್ಟ ಕೊನೆಯ ರೊಟ್ಟಿ, ಇತ್ಯಾದಿ. ಓದಿದವರು ಅತ್ತರಂತೆ.

ಹೋದ ತಿಂಗಳು ಆಪಾ ಫೋನ್ ಮಾಡಿದರು. ಬೈಯುತ್ತಾರೆಂದು ಸೆಟೆದು ನಿಂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಮೆಹರ್‌ನ ಛಲೋ ಇಟ್ಟಿದಿ. ನನ್ನ ಹತ್ತರ ಇದ್ರ ಇಷ್ಟು ಮಂದಿಗಿ ಹ್ಯಾಂಗ ಗೊತ್ತಾಗ್ತಿತ್ತು? ಖರೇ ಹೇಳ್ತೀನಿ, ಖುಷಿ ಆಯ್ತು.” ಆಮೇಲೆ ಹೇಳಿದರು, “ರೊಟ್ಟಿ ಮಾತ್ರ... ಅದು ಹಂಗಲ್ಲಪಾ.”

“ಮತ್ತ ಹ್ಯಾಂಗ, ಆಪಾ?”

“ಈಗ್ಯಾಕ. ಆಕಿ ಸತ್ತು ಹೋದ್ಳಲ್ಲ.”

ಅಂದಿನಿಂದ ನನಗೆ ಆ ಪುಸ್ತಕ ಮುಟ್ಟಲಾಗುತ್ತಿಲ್ಲ. ನಾನು ಕದ್ದದ್ದು ಹಾಳೆಯನ್ನಷ್ಟೇ. ಮೆಹರ್ ಅವರ ಹತ್ತಿರವೇ ಉಳಿದಳು, ಅದೂ ಸತ್ತವಳಾಗಿ, ನನ್ನ ಒಂದು ಮಾತಿನಿಂದ.

ಹೊಸ ಮುದ್ರಣ ನಿಲ್ಲಿಸಿ, ಅವಳು ನನ್ನ ಪಾತ್ರವಲ್ಲ ಎಂದು ಪ್ರಕಾಶಕರಿಗೆ ಬರೆದಿದ್ದೇನೆ. ಈ ಭಾನುವಾರ ಬೀದರ್‌ನ ಬಸ್ಸು ಹತ್ತುತ್ತೇನೆ. ಜೇಬಿನಲ್ಲಿ ಆ ದಾಳ, ಚೀಲದಲ್ಲಿ ಮೆಹರ್‌ಳ ಹಾಳೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ, ಅದನ್ನೂ ಕಸಿದುಕೊಂಡಂತಾಗುತ್ತದೆ. ರೊಟ್ಟಿಯ ವಿಷಯವನ್ನೂ ಕೇಳುವುದಿಲ್ಲ.

ಹಾಳೆಯನ್ನು ಅವರ ಮುಂದಿಡುತ್ತೇನೆ. ಆ ಭಾನುವಾರವೇ ಹೇಳಬೇಕಿದ್ದ ಮಾತನ್ನು ಹೇಳಿ ಎದ್ದು ಬರುತ್ತೇನೆ — ಹದಿನಾಲ್ಕು ಬಿದ್ದಿತ್ತು, ಆಪಾ. ಮೆಹರ್ ಸತ್ತಿಲ್ಲ.