ಸೆಟವಿ ಕಡಲು ದಾಟುವಳೇ?

ಎಂಬತ್ತು ದಾಟಿದ ಹೆಂಗಸು ಏಣಿ ಹತ್ತಿ ಕಿಟಕಿ ಒರೆಸುವುದನ್ನು ನಾನು ಮೊದಲು ಕಂಡದ್ದು ಇಂಗ್ಲೆಂಡಿನ ಈ ಗಿರಣಿಯ ಊರಿನಲ್ಲಿ, ಬಂದ ಮರುದಿನವೇ. ಆಕೆ ನಮ್ಮ ಲ್ಯಾಂಡ್‌ಲೇಡಿ, ಅಂದರೆ ಮನೆಯೊಡತಿ. ಮಂಜಿನಲ್ಲಿ ಏಣಿಯ ಬುಡ ಕಾಣುತ್ತಿರಲಿಲ್ಲ. ಮುದುಕಿ ಆಕಾಶಕ್ಕೆ ಒರಗಿ ನಿಂತಂತಿದ್ದಳು. ಇಳಿಸಲೆಂದು ಕೈ ಚಾಚಿದೆ. "ಡಾಕ್ಟರೇ, ಮೊದಲು ನಿಮ್ಮ ಬೂಟು ಒರೆಸಿಕೊಳ್ಳಿ" ಎಂದಳು.

ನಮ್ಮ ಹಳ್ಳಿ ಸಂಖದಲ್ಲಿ ಐವತ್ತಾದವರು "ಇನ್ನೇನ್ ಉಳದೈತ್ರಿ" ಎಂದು ಕಟ್ಟೆ ಹಿಡಿಯುತ್ತಾರೆ. ಇಲ್ಲಿಯವರು ಆ ವಯಸ್ಸಿಗೆ ಕುಣಿಯಲು ಕಲಿಯುತ್ತಾರೆ. ಕಾರಣ ಹುಡುಕುವುದು ವೈದ್ಯನ ಧರ್ಮವಷ್ಟೆ. ಗಾಳಿಯಲ್ಲ, ಅದರಲ್ಲಿ ಕಲ್ಲಿದ್ದಲಿನ ಹೊಗೆ. ಊಟವಂತೂ ಖಂಡಿತ ಅಲ್ಲ. ಖಾರದ ಮುಖ ಕಾಣದ ಬೆಂದ ಬಟಾಟಿ. ನಲ್ಲಿಯ ನೀರು, ಮುಚ್ಚಿದ ಗಟಾರ, ಸೈಕಲ್ಲಿನ ಮೇಲೆ ಬರುವ ಮಿಡ್‌ವೈಫ್ ಎಂಬ ಸರಕಾರಿ ಪಗಾರದ ಸೂಲಗಿತ್ತಿ, ಇಷ್ಟೇ. ಕೂಸುಗಳು ಉಳಿಯುತ್ತವೆ, ಅದಕ್ಕೇ ಮುದುಕರು ಹೆಚ್ಚು. ಇಲ್ಲಿಯ ಡಾಕ್ಟರರು ಇನ್ನೂ ಚಲೋ ಬದುಕಿಗೆಂದು ಕೆನಡಾಕ್ಕೆ ಹೋದರು; ಅವರ ಕುರ್ಚಿಯಲ್ಲಿ ನಾನು ಕೂತೆ; ನಮ್ಮ ತಾಲೂಕಿನ ಊರಾದ ಜತ್ತದ ದವಾಖಾನೆಯಲ್ಲಿ ನಾನು ಕೂರಬೇಕಿದ್ದ ಕುರ್ಚಿಯಲ್ಲಿ ಯಾರೂ ಇಲ್ಲ. ಲೋಕದ ಈ ವ್ಯವಸ್ಥೆಯಲ್ಲಿ ಕಡೆಗೆ ಖಾಲಿ ಉಳಿಯುವ ಕುರ್ಚಿ ನಮ್ಮದೇ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಕಾಯಿದೆಗಿಂತ ಬಲವಾದದ್ದು. ಬಸುರಿ ಮಗಳನ್ನು ಹಡಗು ಹತ್ತಿಸಿ ಕಳಿಸಿರೆಂದು ಅತ್ತೆ ಕಾಗದ ಬರೆಸಿದರು. ಏಳು ಹೆತ್ತು ಎರಡು ಉಳಿಸಿಕೊಂಡವರು ಅವರು. ನಾನು ಕಳಿಸಲಿಲ್ಲ. ಹೆಂಡತಿ ಗೌರವ್ವ ಮೂರು ದಿನ ಮಾತು ಬಿಟ್ಟಳು. ಹೆಣ್ಣು ಕೂಸು ಇಲ್ಲೇ ಹುಟ್ಟಿತು, ಓಣಿಗೆ ಕೇಳುವಂತೆ ಅತ್ತಿತು.

ಐದನೆಯ ದಿನ ಸಂಜೆ ಅಳುವ ಸರದಿ ಗೌರವ್ವನದು. ಅಂದು ಸೆಟವಿದೇವಿ ಬಂದು ಕೂಸಿನ ಹಣೆಯ ಮೇಲೆ ಆಯುಷ್ಯ ಬರೆಯಬೇಕು.

"ಆಕಿ ಸಂಖದಾಗ ನಮ್ಮವ್ವನ ಮನಿಗಿ ಹೋಗಿ ತೊಟ್ಟಲಾ ಹುಡುಕ್ತಾಳ್ರಿ. ಇಲ್ಲೀತನಕಾ ಯಾರ್ ಕರ್ಕೊಂಡ್ ಬರಬೇಕು? ಆಕಿ ಬರೀದಿದ್ರ ಕೂಸು ಉಳೀತೈತೇನು?"

"ಇಲ್ಲಿ ಆಯುಷ್ಯಾ ಸರಕಾರನ ನೋಡ್ಕೋತೈತಿ, ಹುಚ್ಚಿ."

"ನಿಮ್ಮ ಸರಕಾರಕ್ಕ ನಮ್ಮವ್ವ ಮಣ್ಣ ಮಾಡಿದ ಐದು ಕೂಸಿನ ಹೆಸರಾದ್ರೂ ಗೊತ್ತೈತೇನ್ರಿ?"

ಅಳು ಕೇಳಿ ಮೇಲೆ ಬಂದ ಮನೆಯೊಡತಿಗೆ ವಿಷಯ ಹೇಳಿದೆ, ನಗುತ್ತಾಳೆಂದುಕೊಂಡಿದ್ದೆ. ಆಕೆ ಕೆಳಗಿಳಿದು ಬೀದಿಬಾಗಿಲು ತೆರೆದು, ಹೊಸ್ತಿಲಲ್ಲಿ ದೀಪವಿಟ್ಟು ಬಂದಳು.

"ಈ ಮಂಜಿನಲ್ಲಿ ನಮ್ಮ ಅಂಚೆಯವನೇ ದಾರಿ ತಪ್ಪುತ್ತಾನೆ. ಪಾಪ, ಆಕೆ ಪರವೂರಿನವಳು."

ಗೌರವ್ವ ಕಣ್ಣೊರೆಸಿಕೊಂಡು ತೊಟ್ಟಿಲ ಬಳಿ ದೇವಿ ಬರೆಯಲೆಂದು ಬಿಳಿ ಹಾಳೆ ಹಾಸಿದಳು.

"ಆಯುಷ್ಯಾ ಇಲ್ಲೀದು ಬರೀಲಿ," ಅಂದಳು. "ಊರು ಮಾತ್ರ ನಮ್ದು ಬರೀಲಿ."

ಎರಡನ್ನೂ ಒಂದೇ ಹಣೆಗೆ ಮಂಜೂರು ಮಾಡುವ ಕಚೇರಿಯನ್ನು ನಾನು ಈವರೆಗೆ ಎಲ್ಲೂ ಕಂಡಿಲ್ಲ. ಆದರೂ ನನ್ನ ಪೆನ್ನಿಗೆ ಕಂಠಮಟ್ಟ ಮಸಿ ತುಂಬಿ ಹಾಳೆಯ ಮೇಲಿಟ್ಟೆ. ಬರೆಯುವವಳಿಗೆ ನಡುವೆ ಮಸಿ ತೀರಬಾರದು.